ವಿಕ್ಟೋರಿಯಾ ಯುಗದ ಕುಲೀನ ವಿವಾಹ: ಒಲವು ಮತ್ತು ಮನೆತನದ ಹೊಣೆ

ವಿಕ್ಟೋರಿಯಾ ರಾಣಿ ಬ್ರಿಟನ್ನನ್ನು ಆಳಿದ ಅವಧಿಯಲ್ಲಿ (1837–1901) ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಬಿರುದು ಹೊತ್ತ ಮನೆತನಗಳಲ್ಲಿ ಮತ್ತು ಅವರ ಸರೀಕರಾದ ದೊಡ್ಡ ಭೂಮಾಲೀಕರಲ್ಲಿ ಮದುವೆಯ ಮೇಲೆ ಎರಡು ಬೇಡಿಕೆಗಳಿದ್ದವು. ಮದುವೆಯಾಗುವವರು ಪರಸ್ಪರ ಒಲಿದಿರಬೇಕು ಎನ್ನುವುದು ಒಂದು. ಬಿರುದು, ಜಮೀನು, ಹೆಸರು ಕುಂದದಂತೆ ಮುಂದಿನ ತಲೆಮಾರಿಗೆ ದಾಟಬೇಕು ಎನ್ನುವುದು ಇನ್ನೊಂದು. ಕಾದಂಬರಿ, ನಾಟಕಗಳು ಇವೆರಡನ್ನು ಕುಸ್ತಿಗೆ ಬಿಟ್ಟು ನೋಡಿದ್ದೇ ಹೆಚ್ಚು. ದಾಖಲೆಗಳಲ್ಲಿ ಕಾಣುವ ಬದುಕು ಅದಕ್ಕಿಂತ ಜಾಣತನದ್ದು. ಹಿರಿಯರು ಒಲವಿಗೆ ಅಡ್ಡಗಾಲು ಹಾಕುವ ಗೋಜಿಗೆ ಹೋದದ್ದು ಕಡಿಮೆ. ಮಕ್ಕಳು ಯಾರನ್ನು ಕಾಣಬಹುದು, ಯಾರ ಜೊತೆ ಕುಣಿಯಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿ, ಆ ಆವರಣದೊಳಗೆ ಯಾರನ್ನಾದರೂ ಮೆಚ್ಚಿಕೊಳ್ಳಲು ಬಿಡುತ್ತಿದ್ದರು. ಆವರಣ ದಾಟಿದವರು ದಂಡ ತೆರಬೇಕಾಗುತ್ತಿತ್ತು. ಆ ದಂಡ ಹಿರಿಮಗನಿಗೆ ಒಂದು ಬಗೆ, ಕಿರಿಯರಿಗೆ ಇನ್ನೊಂದು, ಹೆಣ್ಣುಮಕ್ಕಳಿಗೆ ಮತ್ತೊಂದು.

ರಾಣಿಯ ಮದುವೆಯನ್ನೇ ನೋಡಬಹುದು. 1839ರ ಅಕ್ಟೋಬರ್ 15ರಂದು ವಿಂಡ್ಸರ್ ಅರಮನೆಯಲ್ಲಿ ತನ್ನನ್ನು ಮದುವೆಯಾಗುವಂತೆ ಆಲ್ಬರ್ಟನನ್ನು ಕೇಳಿದವಳು ವಿಕ್ಟೋರಿಯಾಳೇ. ಆಳುವ ರಾಣಿಯ ಮುಂದೆ ಗಂಡು ತಾನಾಗಿ ಆ ಮಾತು ಎತ್ತುವಂತಿರಲಿಲ್ಲ. 1840ರ ಫೆಬ್ರವರಿ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಮದುವೆಯಾಯಿತು. ಆಕೆಯ ದಿನಚರಿಯಲ್ಲಿ ಗಂಡನ ಮೇಲಿನ ಮೋಹ ತುಂಬಿ ತುಳುಕುತ್ತದೆ. ಆದರೆ ಆಲ್ಬರ್ಟ್ ಆಕೆಯ ಸೋದರಮಾವನ ಮಗ. ಇಬ್ಬರಿಗೂ ಬಂಧುವಾಗಿದ್ದ ಬೆಲ್ಜಿಯಂ ದೊರೆ ಲಿಯೋಪೋಲ್ಡ್ ಆಕೆಗೆ ಇನ್ನೊಬ್ಬ ಸೋದರಮಾವ, ಆಲ್ಬರ್ಟನಿಗೆ ಚಿಕ್ಕಪ್ಪ. ಈ ಸಂಬಂಧವನ್ನು ಆತ ವರ್ಷಗಳ ಹಿಂದೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹಿರಿಯರು ಗೊತ್ತುಮಾಡಿದ ವರನನ್ನೇ ಹುಡುಗಿ ಮನಸಾರೆ ಪ್ರೀತಿಸಿದಳು. ಕುಲೀನರೆಲ್ಲ ತಮ್ಮ ಮನೆಯಲ್ಲೂ ನಡೆಯಲೆಂದು ಹಾರೈಸುತ್ತಿದ್ದುದು ಇದೇ.

ಆಸ್ತಿಪತ್ರ

ಕುಲೀನರ ಮದುವೆಯನ್ನು ಅರಿಯಲು ಚರ್ಚಿನ ದಾಖಲೆಗಿಂತ ವಕೀಲರು ಬರೆದ ಪತ್ರ ಮುಖ್ಯ. 17ನೆಯ ಶತಮಾನದ ನಡುಭಾಗದಲ್ಲಿ ರೂಪುಗೊಂಡ ಸ್ಟ್ರಿಕ್ಟ್ ಸೆಟ್ಲ್‌ಮೆಂಟ್ ಎಂಬ ಏರ್ಪಾಡಿನಂತೆ ಜಮೀನೆಲ್ಲ ಹಿರಿಮಗನಿಗೆ ಹೋಗುತ್ತಿತ್ತು. ಹಾಗೆಂದು ಅವನು ಪೂರ್ಣ ಒಡೆಯನಾಗುತ್ತಿರಲಿಲ್ಲ. ಬದುಕಿರುವವರೆಗೆ ಗೇಣಿ ಎತ್ತಿ ಅನುಭವಿಸಬಹುದಿತ್ತು. ಮಾರುವ, ಪಾಲು ಮಾಡುವ ಹಕ್ಕು ಇರಲಿಲ್ಲ. ಆಸ್ತಿ ಇನ್ನೂ ಹುಟ್ಟದ ಮೊಮ್ಮಗನಿಗೆ ಕಟ್ಟುಬಿದ್ದಿರುತ್ತಿತ್ತು. ಈ ಕಟ್ಟನ್ನು ತಲೆಮಾರಿಗೊಮ್ಮೆ ಹೊಸದಾಗಿ ಬಿಗಿಯಬೇಕು, ಅದಕ್ಕೆ ಅಪ್ಪ ಮಗ ಇಬ್ಬರ ರುಜುವೂ ಬೇಕು. ಮಗನಿಗೆ 21 ತುಂಬಿದಾಗ ಅಥವಾ ಅವನ ಮದುವೆ ನಿಶ್ಚಯವಾದಾಗ ಆ ರುಜು ಬೀಳುತ್ತಿತ್ತು. ಅಪ್ಪ ಬದುಕಿರುವತನಕ ಮಗನ ಕೈಯಲ್ಲಿ ಬಿಡಿಗಾಸಿಲ್ಲ. ಹೆಂಡತಿಯನ್ನು ಸಾಕಲು ವರ್ಷಾಶನ ಬೇಕೆಂದರೆ ಅಪ್ಪನ ಮುಂದೆ ಕೂತು ಪತ್ರಕ್ಕೆ ರುಜು ಹಾಕಬೇಕು. ಮಗನ ಆಯ್ಕೆಯನ್ನು ತಂದೆ ಬಾಯಿಬಿಟ್ಟು ವಿರೋಧಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಅದೇ ಪತ್ರದಲ್ಲಿ ಹೆಣ್ಣಿನ ಕಡೆಯ ಲೆಕ್ಕವೂ ಇರುತ್ತಿತ್ತು. ಆಕೆ ತವರಿನಿಂದ ತರುವ ಹಣಕ್ಕೆ ಪೋರ್ಷನ್, ವಿಧವೆಯಾದರೆ ಗಂಡನ ಜಮೀನಿನಿಂದ ಪ್ರತಿವರ್ಷ ಸಲ್ಲಬೇಕಾದ ಮೊತ್ತಕ್ಕೆ ಜಾಯಿಂಚರ್, ಕೈಖರ್ಚಿಗೆ ಪಿನ್ ಮನಿ ಎಂಬ ಹೆಸರುಗಳಿದ್ದವು. ಮುಂದೆ ಹುಟ್ಟಲಿರುವ ಕಿರಿಯ ಮಕ್ಕಳಿಗೆ ಎಷ್ಟೆಷ್ಟು ಎಂಬುದನ್ನೂ ಮದುವೆಗೆ ಮೊದಲೇ ಬರೆದಿಡುತ್ತಿದ್ದರು. ನಿಶ್ಚಿತಾರ್ಥವಾದ ಜೋಡಿ ಪತ್ರ ಬರೆದುಕೊಂಡು ನಿಟ್ಟುಸಿರು ಬಿಡುವಾಗ ಎರಡೂ ಕಡೆಯ ವಕೀಲರು ತಿಂಗಳುಗಟ್ಟಲೆ ಚೌಕಾಸಿ ನಡೆಸುತ್ತಿದ್ದುದು ಮಾಮೂಲು. ಆದರೂ ಇದನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕುವಂತಿಲ್ಲ. 1870 ಮತ್ತು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಗಳು ಬರುವ ಮೊದಲು, ಮದುವೆಯಾದ ಕೂಡಲೆ ಹೆಣ್ಣಿನ ಹಣ ಗಂಡನದಾಗುತ್ತಿತ್ತು. ಸಿರಿವಂತರ ಮಗಳು ಇದರಿಂದ ಪಾರಾಗುತ್ತಿದ್ದುದು ಟ್ರಸ್ಟಿಗಳ ಹೆಸರಿನಲ್ಲಿ ಆಕೆಗೆಂದೇ ಪ್ರತ್ಯೇಕ ಆಸ್ತಿ ಮಾಡಿಟ್ಟ ಈ ಪತ್ರದ ಬಲದಿಂದ. ಓಡಿಹೋಗಿ ಮದುವೆಯಾದವಳು ಕಳೆದುಕೊಳ್ಳುತ್ತಿದ್ದುದರಲ್ಲಿ ತವರಿನ ಒಲುಮೆಗಿಂತ ಈ ರಕ್ಷಣೆ ದೊಡ್ಡದು.

ಕಾನೂನಿನ ಮಟ್ಟಿಗೆ 21 ದಾಟಿದವರು ಯಾರನ್ನು ಬೇಕಾದರೂ ಮದುವೆಯಾಗಬಹುದಿತ್ತು. ಅದಕ್ಕಿಂತ ಕಿರಿಯರು ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಒಪ್ಪಿಗೆ ಬೇಕೆಂದು 1753ರ ಹಾರ್ಡ್‌ವಿಕ್ ಕಾಯಿದೆ ವಿಧಿಸಿತ್ತು. ಅದಕ್ಕೇ ಅವಸರದ ಜೋಡಿಗಳು ಆ ಕಾಯಿದೆ ಸಲ್ಲದ ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾ ಗ್ರೀನ್ ಹಳ್ಳಿಗೆ ಓಡುತ್ತಿದ್ದವು. 21 ದಿನ ಅಲ್ಲಿ ವಾಸವಿರಬೇಕೆಂದು 1856ರಲ್ಲಿ ಕಾನೂನಾದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು.

ಸೀಸನ್

ಈಸ್ಟರ್ ಕಳೆದ ಮೇಲೆ ಲಂಡನ್ನಿನಲ್ಲಿ ತೊಡಗುತ್ತಿದ್ದ ಸೀಸನ್ ಆಗಸ್ಟಿನ ಬೇಟೆಯ ಕಾಲಕ್ಕೆ ಮುಗಿಯುತ್ತಿತ್ತು. ಪಾರ್ಲಿಮೆಂಟಿನ ಅಧಿವೇಶನ, ಕುದುರೆ ಪಂದ್ಯ, ಚಿತ್ರಪ್ರದರ್ಶನ, ರಾತ್ರಿಯ ನೃತ್ಯಕೂಟ ಎಲ್ಲವೂ ಆ ತಿಂಗಳುಗಳಲ್ಲೇ. ಹದಿನೇಳು ಹದಿನೆಂಟರ ಹುಡುಗಿ ನೆಲಕ್ಕೆ ಹರಡುವ ಬಿಳಿ ಉಡುಪು ತೊಟ್ಟು, ಮುಡಿಗೆ ಬಿಳಿ ಗರಿ ಸಿಕ್ಕಿಸಿ ರಾಣಿಯ ಮುಂದೆ ಮಂಡಿ ಬಾಗಿಸಿ ಬಂದಳೆಂದರೆ ಮದುವೆಗೆ ಬಂದಿದ್ದಾಳೆಂದು ಅರ್ಥ. ಈ ಮೊದಲೇ ಅರಮನೆಗೆ ಸಲ್ಲಿದ ಹೆಂಗಸೊಬ್ಬಳು ಕರೆದೊಯ್ದರೆ ಮಾತ್ರ ಅಲ್ಲಿಗೆ ಪ್ರವೇಶ. ನೃತ್ಯಕೂಟದಲ್ಲಿ ಬೆಂಗಾವಲಿಗೆ ತಾಯಿಯೋ ಅತ್ತೆಯೋ ಇರಲೇಬೇಕು. ಒಬ್ಬನೊಡನೆಯೇ ಮೂರು ನಾಲ್ಕು ಸಲ ಕುಣಿದರೆ ಊರೆಲ್ಲ ಮಾತಾಡುತ್ತಿತ್ತು. ತಾಯಂದಿರ ಕೈಯಲ್ಲಿ ಬಿರುದುದಾರರ ವಂಶಾವಳಿಯ ಪುಸ್ತಕ ಇರುತ್ತಿತ್ತು. ಯಾರು ಹಿರಿಮಗ, ಯಾರು ಮೂರನೆಯವನು ಎಂಬುದು ಅದರಲ್ಲಿ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಮೂರನೆಯವನು ರೂಪವಂತನಾಗಿದ್ದರೆ ತಾಯಂದಿರಿಗೆ ಅವನ ಕಂಡರೆ ಇನ್ನಷ್ಟು ಭಯ. ಕಿರಿಯ ಮಕ್ಕಳಿಗೆ ಸಿಗುತ್ತಿದ್ದುದು ಒಂದಿಷ್ಟು ಹಣ ಮತ್ತು ಸೈನ್ಯದಲ್ಲೋ ಚರ್ಚಿನಲ್ಲೋ ವಸಾಹತಿನಲ್ಲೋ ಒಂದು ಹುದ್ದೆ. ಅವರಿಗೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು, ಸಂಸಾರ ಹೂಡುವ ಶಕ್ತಿ ಕಡಿಮೆ. ಹೆಣ್ಣುಮಕ್ಕಳಲ್ಲಿ ಕೊನೆಯವಳು ತಾಯಿಯ ಬಳಿಯೇ ಉಳಿಯಲಿ ಎನ್ನುವ ಮನೆಗಳೂ ಇದ್ದವು. ಈ ವಿಷಯದಲ್ಲಿ ರಾಣಿಯೇ ಎಲ್ಲರನ್ನೂ ಮೀರಿಸಿದಳು. ಕಿರಿಯ ಮಗಳು ಬೀಟ್ರಿಸ್ 1884ರಲ್ಲಿ ಬ್ಯಾಟನ್‌ಬರ್ಗ್‌ನ ಹೆನ್ರಿಯನ್ನು ಮದುವೆಯಾಗುತ್ತೇನೆಂದಾಗ ತಾಯಿ ತಿಂಗಳುಗಟ್ಟಲೆ ಮಾತು ಬಿಟ್ಟಳು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ದಾಟಿಸುತ್ತಿದ್ದಳಂತೆ. ಅಳಿಯ ಅತ್ತೆಯ ಮನೆಯಲ್ಲೇ ಇರಬೇಕೆಂಬ ಕರಾರಿನ ಮೇಲೆ ಕೊನೆಗೆ ಒಪ್ಪಿದಳು. 1885ರ ಜುಲೈಯಲ್ಲಿ ಮದುವೆಯಾಯಿತು. ತನ್ನ ಒಲವನ್ನು ಲೋಕಕ್ಕೆಲ್ಲ ಸಾರಿದವಳು ಮಗಳ ಒಲವಿಗೆ ಬೆಲೆ ಕಟ್ಟಿದ್ದು ಹೀಗೆ.

ಧರ್ಮವೂ ಒಂದು ಗಡಿ. ಇಂಗ್ಲೆಂಡಿನ ಅತಿ ಸಿರಿವಂತ ಹೆಣ್ಣೆನಿಸಿದ್ದ ಹ್ಯಾನಾ ರಾಥ್‌ಸ್ಚೈಲ್ಡ್ 1878ರಲ್ಲಿ ರೋಸ್‌ಬರಿಯ ಅರ್ಲ್‌ನನ್ನು ಮದುವೆಯಾದಾಗ ಎರಡೂ ಕಡೆ ಮುಖ ಗಂಟಿಕ್ಕಿದವು. ಯೆಹೂದಿ ಸೊಸೆ ಗಂಡಿನ ತಾಯಿಗೆ ಬೇಡ, ಕ್ರೈಸ್ತ ಅಳಿಯ ರಾಥ್‌ಸ್ಚೈಲ್ಡ್ ಮನೆಯ ಗಂಡಸರಿಗೆ ಬೇಡ. ಧಾರೆಯೆರೆಯುವ ತಂದೆ ಆಗಲೇ ತೀರಿಕೊಂಡಿದ್ದ. ಆ ಜಾಗದಲ್ಲಿ ನಿಂತವನು ಪ್ರಧಾನಿ ಡಿಸ್ರೇಲಿ. ಹೊಣೆ ಎಂಬುದು ಬಿರುದಿನ ಮನೆಗಳ ಸೊತ್ತು ಮಾತ್ರವಾಗಿರಲಿಲ್ಲ ಎನ್ನಲು ಈ ಮದುವೆ ಸಾಕು.

ಆವರಣ ದಾಟಿದವರು

1864ರ ಜುಲೈಯಲ್ಲಿ ಲಂಡನ್ನನ್ನು ಬೆಚ್ಚಿಬೀಳಿಸಿದ ಪ್ರಕರಣ ಲೇಡಿ ಫ್ಲಾರೆನ್ಸ್ ಪ್ಯಾಜೆಟ್‌ಳದು. ಆಂಗ್ಲಿಸಿಯ ಮಾರ್ಕ್ವಿಸ್‌ನ ಈ ಚೆಲುವೆ ಮಗಳಿಗೂ ಲಿಂಕನ್‌ಶೈರಿನ ಭೂಮಾಲೀಕ ಹೆನ್ರಿ ಚಾಪ್ಲಿನ್‌ಗೂ ಮದುವೆ ಗೊತ್ತಾಗಿ, ಉಡುಗೊರೆಗಳೂ ಬರತೊಡಗಿದ್ದವು. ಒಂದು ಬೆಳಗ್ಗೆ ಆಕೆ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಷಲ್ ಅಂಡ್ ಸ್ನೆಲ್‌ಗ್ರೋವ್ ಬಟ್ಟೆ ಅಂಗಡಿಯ ಒಂದು ಬಾಗಿಲಲ್ಲಿ ಒಳಹೊಕ್ಕು ಇನ್ನೊಂದರಲ್ಲಿ ಹೊರಬಂದು, ನೇರ ಹೇಸ್ಟಿಂಗ್ಸ್‌ನ ನಾಲ್ಕನೆಯ ಮಾರ್ಕ್ವಿಸ್‌ನನ್ನು ಮದುವೆಯಾದಳು. ಈ ಹುಡುಗನ ತಾತ 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದವನು. ಪೇಶ್ವೆಗಳ ಆಳ್ವಿಕೆ ಮುಗಿದು 1818ರಲ್ಲಿ ಧಾರವಾಡ ಸೀಮೆ ಕಂಪನಿಯ ಕೈಸೇರಿದ್ದು ಆತನ ಕಾಲದಲ್ಲೇ. ಮೊಮ್ಮಗನಿಗೆ ಗೊತ್ತಿದ್ದುದು ಜೂಜೊಂದೇ. 1867ರ ಡರ್ಬಿ ಪಂದ್ಯದಲ್ಲಿ ಚಾಪ್ಲಿನ್‌ನ ಕುದುರೆ ಹರ್ಮಿಟ್ ಗೆಲ್ಲುವುದಿಲ್ಲವೆಂದು ಪಣ ಕಟ್ಟಿದ. ಯಾರೂ ಎಣಿಸದಿದ್ದ ಹರ್ಮಿಟ್ ಗೆದ್ದಿತು. ಹೇಸ್ಟಿಂಗ್ಸ್‌ಗೆ ಆದ ನಷ್ಟ 1,20,000 ಪೌಂಡ್. ಮರುವರ್ಷ 26ನೆಯ ವಯಸ್ಸಿನಲ್ಲೇ ಸತ್ತ. ಮಕ್ಕಳಿಲ್ಲದೆ ಮಾರ್ಕ್ವಿಸ್ ಬಿರುದೂ ಅಳಿಯಿತು. ಆ ಕಾಲದ ಹಿರಿಯರಿಗೆ ಇದು ನೀತಿಕಥೆಯಾಗಿ ಒದಗಿತು. ಇಲ್ಲಿ ಒಂದು ವಿಷಯ ಮರೆತುಹೋಗುತ್ತದೆ: ಓಡಿಹೋದವಳು ಬಡವನ ಜೊತೆಗೋ ಗುಮಾಸ್ತನ ಜೊತೆಗೋ ಹೋಗಲಿಲ್ಲ. ಬಿಟ್ಟವನಿಗಿಂತ ಹಿಡಿದವನ ದರ್ಜೆ ಮೇಲಿನದು. ಬಂಡಾಯವೂ ಆವರಣದ ಒಳಗೇ ನಡೆಯಿತು.

ನಿಜವಾಗಿ ದಾಟಿದವರಲ್ಲಿ ಒಬ್ಬಳು ಲೇಡಿ ಷಾರ್ಲೆಟ್ ಬರ್ಟಿ. ಲಿಂಡ್ಸೆ ಅರ್ಲ್‌ನ ಮಗಳಾದ ಈಕೆ 1833ರಲ್ಲಿ ವೇಲ್ಸಿನ ಡೌಲೈಸ್ ಕಬ್ಬಿಣದ ಕಾರ್ಖಾನೆಯ ಒಡೆಯ ಜಾನ್ ಗೆಸ್ಟ್‌ನನ್ನು ಕೈಹಿಡಿದಳು. ಹತ್ತು ಮಕ್ಕಳನ್ನು ಹೆತ್ತು, ವೆಲ್ಷ್ ಭಾಷೆಯ ಮಬಿನೋಗಿಯನ್ ಕಥೆಗಳನ್ನು ಇಂಗ್ಲಿಷಿಗೆ ತಂದು, ಗಂಡ ಸತ್ತ ಮೇಲೆ ಕಾರ್ಖಾನೆಯ ಆಡಳಿತವನ್ನೂ ನಡೆಸಿದಳು. 1855ರಲ್ಲಿ ಮಗನ ಮನೆಪಾಠದ ಮೇಷ್ಟ್ರು ಚಾರ್ಲ್ಸ್ ಶ್ರೈಬರ್‌ನನ್ನು ಮದುವೆಯಾದಾಗ ಮೊದಲ ಮದುವೆಗಿಂತ ಹೆಚ್ಚು ಗುಲ್ಲೆದ್ದಿತು. ಏಂಜೆಲಾ ಬರ್ಡೆಟ್ ಕೂಟ್ಸ್‌ಳದು ಇನ್ನೂ ದುಬಾರಿಯ ಕಥೆ. ಬ್ಯಾಂಕಿನ ಅಪಾರ ಐಶ್ವರ್ಯಕ್ಕೆ ವಾರಸುದಾರಳಾಗಿ, ದಾನಧರ್ಮಗಳಿಂದ ಹೆಸರಾಗಿ, ಸ್ವಂತ ಅರ್ಹತೆಯಿಂದಲೇ ಬ್ಯಾರನೆಸ್ ಆದ ಈಕೆ 1881ರಲ್ಲಿ ತನ್ನ 66ನೆಯ ವಯಸ್ಸಿನಲ್ಲಿ 29 ವರ್ಷದ ಕಾರ್ಯದರ್ಶಿಯನ್ನು ಮದುವೆಯಾದಳು. ವರ ಅಮೆರಿಕದಲ್ಲಿ ಹುಟ್ಟಿದವನು. ಪರದೇಶಿಯನ್ನು ಮದುವೆಯಾದರೆ ಆಸ್ತಿಯ ಹಕ್ಕು ಹೋಗುತ್ತದೆಂದು ಆಕೆಗೆ ಹಣ ಬಿಟ್ಟುಹೋದ ಉಯಿಲಿನಲ್ಲಿ ಬರೆದಿತ್ತು. ಅಕ್ಕನ ಕಡೆಯವರೊಡನೆ ರಾಜಿಯಾಗಿ ವರಮಾನದ ಐದರಲ್ಲಿ ಮೂರು ಪಾಲನ್ನು ಬಿಟ್ಟುಕೊಟ್ಟಳು.

ಗಂಡುಮಕ್ಕಳು ದಾಟುತ್ತಿದ್ದುದು ಹೆಚ್ಚಾಗಿ ರಂಗಭೂಮಿಯ ಕಡೆಗೆ. ಹಿಂದೆ ಲಾರ್ಡ್ ಚಾನ್ಸೆಲರ್ ಆಗಿದ್ದ ಕೇರ್ನ್ಸ್ ಅರ್ಲ್‌ನ ಮಗ ಲಾರ್ಡ್ ಗಾರ್ಮೊಯ್ಲ್ ನಟಿ ಮೇ ಫಾರ್ಟೆಸ್ಕ್ಯೂಗೆ ಮಾತುಕೊಟ್ಟು ಹಿಂಜರಿದಾಗ, ಆಕೆ 1884ರಲ್ಲಿ ಕೋರ್ಟಿನಲ್ಲಿ 10,000 ಪೌಂಡ್ ಪರಿಹಾರ ಗೆದ್ದು ಸ್ವಂತ ನಾಟಕ ಕಂಪನಿ ಕಟ್ಟಿದಳು. ಐರ್ಲೆಂಡಿನ ಕ್ಲಾನ್‌ಕಾರ್ಟಿ ಅರ್ಲ್‌ನ ಮಗ ಲಾರ್ಡ್ ಡನ್ಲೊ 1889ರಲ್ಲಿ ಮ್ಯೂಸಿಕ್ ಹಾಲ್ ಗಾಯಕಿ ಬೆಲ್ ಬಿಲ್ಟನ್‌ಳನ್ನು ಗುಟ್ಟಾಗಿ ಮದುವೆಯಾದ. ಅಪ್ಪ ಅವನನ್ನು ಸಮುದ್ರದಾಚೆ ಅಟ್ಟಿ, ಸೊಸೆಯ ಹಿಂದೆ ಪತ್ತೇದಾರರನ್ನು ಬಿಟ್ಟು, ಮಗನ ಹೆಸರಿನಲ್ಲಿ ವಿಚ್ಛೇದನದ ದಾವೆ ಹೂಡಿಸಿದ. 1890ರಲ್ಲಿ ಜ್ಯೂರಿ ಸೊಸೆಯ ಪರ ನಿಂತಿತು. ಮರುವರ್ಷ ಮುದುಕ ಕಣ್ಣುಮುಚ್ಚಿದ, ಗಾಯಕಿ ಕೌಂಟೆಸ್ ಆದಳು. ಅಪ್ಪ ಉಯಿಲಿನಲ್ಲಿ ಕಸಿದುಕೊಳ್ಳಲು ಸಾಧ್ಯವಾದದ್ದನ್ನೆಲ್ಲ ಕಸಿದಿದ್ದರೂ ಬಿರುದನ್ನು ಮುಟ್ಟುವಂತಿರಲಿಲ್ಲ. ಮನೆತನವನ್ನು ಕಾಯಲೆಂದು ಮಾಡಿದ ಹಿರಿಮಗನ ಹಕ್ಕು ಇಲ್ಲಿ ಮನೆತನಕ್ಕೇ ತಿರುಗಿಬಿದ್ದಿತು.

ಮದುವೆಯ ನಂತರ

ವಾರಸುದಾರ ಹುಟ್ಟುವವರೆಗೆ ಹೆಂಡತಿಯ ನಡತೆಯ ಮೇಲೆ ಕಟ್ಟುನಿಟ್ಟಿನ ಕಣ್ಣಿರುತ್ತಿತ್ತು. ಆಮೇಲೆ ಗುಟ್ಟು ಬಯಲಾಗದಿದ್ದರೆ ಬಹಳಷ್ಟನ್ನು ನುಂಗಿಕೊಳ್ಳುತ್ತಿದ್ದರು. ಡೆವನ್‌ಶೈರ್ ಡ್ಯೂಕ್‌ನ ಮಗ ಲಾರ್ಡ್ ಹಾರ್ಟಿಂಗ್ಟನ್, ಮ್ಯಾಂಚೆಸ್ಟರ್ ಡ್ಯೂಕ್‌ನ ಹೆಂಡತಿ ಲೂಯಿಸಾಳ ಜೊತೆ ಸುಮಾರು ಮೂರು ದಶಕ ನಂಟು ಇಟ್ಟುಕೊಂಡಿದ್ದ. ಅವಳ ಗಂಡ 1890ರಲ್ಲಿ ಸತ್ತ ಮೇಲೆ, 1892ರಲ್ಲಿ ಮದುವೆಯಾದರು. ಇಬ್ಬರು ಡ್ಯೂಕ್‌ಗಳ ಕೈಹಿಡಿದವಳೆಂದು ಲಂಡನ್ ಆಕೆಗೆ ಅಡ್ಡಹೆಸರಿಟ್ಟಿತು. ಆ ಮೂವತ್ತು ವರ್ಷ ಇಬ್ಬರೂ ಮರ್ಯಾದೆಯ ಮೇರೆ ಮೀರಲಿಲ್ಲವಾಗಿ ಆತನ ರಾಜಕೀಯಕ್ಕೆ ಧಕ್ಕೆಯಾಗಲಿಲ್ಲ. ಆದರೆ ಹಿರಿಮಗನಾಗಿ ಮಾಡಬೇಕಾದ ಮುಖ್ಯ ಕೆಲಸವೊಂದು ಹಾಗೇ ಉಳಿಯಿತು: ಸಂತಾನವಿಲ್ಲದೆ ಡ್ಯೂಕ್ ಪಟ್ಟ ತಮ್ಮನ ಮಗನಿಗೆ ಹೋಯಿತು.

ಬಯಲಾದರೆ ಹೆಣ್ಣಿಗೆ ಉಳಿಗಾಲವಿರಲಿಲ್ಲ. 1857ರವರೆಗೆ ಪೂರ್ಣ ವಿಚ್ಛೇದನ ಬೇಕಿದ್ದವರು ಪಾರ್ಲಿಮೆಂಟಿನಲ್ಲಿ ತಮ್ಮದೇ ಮಸೂದೆ ಹೊರಡಿಸಬೇಕಿತ್ತು. ಹಾಗೆ ಬಿಡುಗಡೆ ಪಡೆದ ಹೆಂಗಸರು ನಾಲ್ವರೇ. ಲಿಂಕನ್ ಅರ್ಲ್‌ನ ಹೆಂಡತಿ ಸೂಸನ್ 1848ರಲ್ಲಿ ಲಾರ್ಡ್ ವಾಲ್‌ಪೋಲ್‌ನೊಡನೆ ಹೊರಟುಹೋದಾಗ, ಗಂಡನ ಗೆಳೆಯನೂ ಮುಂದೆ ಪ್ರಧಾನಿಯೂ ಆದ ಗ್ಲ್ಯಾಡ್‌ಸ್ಟನ್ ಆಕೆಯನ್ನು ಒಲಿಸಿ ಕರೆತರಲು ಇಟಲಿಗೆ ಹೋದ. ಆಕೆ ತುಂಬು ಗರ್ಭಿಣಿಯೆಂದು ತಿಳಿದು ಬರಿಗೈಲಿ ಮರಳಿದ. 1850ರಲ್ಲಿ ಗಂಡನಿಗೆ ವಿಚ್ಛೇದನ ಸಿಕ್ಕಿತು. 1857ರ ಕಾಯಿದೆ ಇದಕ್ಕೆಂದೇ ಕೋರ್ಟು ತೆರೆದರೂ ತಕ್ಕಡಿ ಓರೆಯಾಗಿಯೇ ಉಳಿಯಿತು. ಹೆಂಡತಿಯ ಹಾದರ ಸಾಬೀತಾದರೆ ಗಂಡನಿಗೆ ಅಷ್ಟೇ ಸಾಕು. ಹೆಂಡತಿಯಾದರೆ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ತೋರಿಸಬೇಕು. ಇದು ಸರಿಹೋದದ್ದು 1923ರಲ್ಲಿ. ವೇಲ್ಸ್ ರಾಜಕುಮಾರನ ಭಾರತ ಪ್ರವಾಸದಲ್ಲಿ ಜೊತೆಗಿದ್ದ ಏಲ್ಸ್‌ಫರ್ಡ್ ಅರ್ಲ್‌ಗೆ 1876ರಲ್ಲಿ ಹೆಂಡತಿ ಎಡಿತ್‌ಳ ಪತ್ರ ಬಂತು. ಆಕೆ ಮಾರ್ಲ್‌ಬರೋ ಡ್ಯೂಕ್‌ನ ಹಿರಿಮಗ ಬ್ಲ್ಯಾಂಡ್‌ಫರ್ಡ್‌ನ ಜೊತೆ ಹೋಗಲಿದ್ದಳು. ಮುಂದೆ ಆಕೆಗೆ ಹುಟ್ಟಿದ ಮಗನಿಗೆ ಅರ್ಲ್ ಪಟ್ಟ ದಕ್ಕಲಿಲ್ಲ. ಬ್ಲ್ಯಾಂಡ್‌ಫರ್ಡ್ ಡ್ಯೂಕ್ ಆಗಿ, 1888ರಲ್ಲಿ ಲಿಲಿ ಹ್ಯಾಮರ್‌ಸ್ಲಿ ಎಂಬ ಅಮೆರಿಕದ ಸಿರಿವಂತ ವಿಧವೆಯನ್ನು ಮದುವೆಯಾದ.

ಅಮೆರಿಕದ ಹಣ

1870ರ ದಶಕದ ಕೊನೆಯಿಂದ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೇಸಾಯ ಕುಸಿಯಿತು. ಗೇಣಿ ಇಳಿಯಿತು, ವಿಧವೆಯರಿಗೆ, ತಮ್ಮಂದಿರಿಗೆ, ತಂಗಿಯರಿಗೆ ಬರೆದುಕೊಟ್ಟ ವರ್ಷಾಶನಗಳು ಇಳಿಯಲಿಲ್ಲ. 1882ರ ಇನ್ನೊಂದು ಕಾಯಿದೆ ಕಟ್ಟುಬಿದ್ದ ಜಮೀನನ್ನು ಮಾರಲು ಅವಕಾಶ ಕೊಟ್ಟಿತು, ಆದರೆ ಕೊಳ್ಳುವವರು ಎಲ್ಲಿ? ಮಾರ್ಲ್‌ಬರೋ ಮನೆತನ ಬ್ಲೆನಂ ಅರಮನೆಯ ಪುಸ್ತಕಗಳನ್ನೂ ಚಿತ್ರಗಳನ್ನೂ ಮಾರಿತು. ರಾಫೆಲ್‌ನ ಒಂದು ಚಿತ್ರಕ್ಕೆ ನ್ಯಾಷನಲ್ ಗ್ಯಾಲರಿ 1885ರಲ್ಲಿ 70,000 ಪೌಂಡ್ ಕೊಟ್ಟಿತು. ಆವರಣವನ್ನು ಅಗಲ ಮಾಡಿದ್ದು ಈ ಸಂಕಷ್ಟವೇ ಹೊರತು ಒಲವಿನ ಹೊಸ ತತ್ತ್ವವೇನೂ ಆಗಿರಲಿಲ್ಲ. ಹಿಂದೆ ನ್ಯೂಯಾರ್ಕಿನ ವರ್ತಕನ ಮಗಳೆಂದರೆ ಮೂಗು ಮುರಿಯುತ್ತಿದ್ದವರು ಈಗ ಹಡಗಿಗೆ ಕಾದು ನಿಂತರು.

ಅದೇ ಮಾರ್ಲ್‌ಬರೋ ಮನೆತನದ ಎರಡು ಮದುವೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡ್ಯೂಕ್‌ನ ಕಿರಿಮಗ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್ 1873ರ ಆಗಸ್ಟಿನಲ್ಲಿ ಕೌಸ್ ಬಂದರಿನಲ್ಲಿ ಅಮೆರಿಕದ ಜೆನ್ನಿ ಜೆರೋಮ್‌ಳನ್ನು ಕಂಡು ಮೂರೇ ದಿನದಲ್ಲಿ ಮದುವೆಯ ಮಾತು ಕೊಟ್ಟ. ಡ್ಯೂಕ್ ಒಪ್ಪಲು, ಆಮೇಲೆ ಹಣ ಯಾರ ಹೆಸರಿನಲ್ಲಿರಬೇಕೆಂದು ಎರಡು ದೇಶದ ವಕೀಲರು ಕಾದಾಡಿ ಮುಗಿಸಲು ಏಳೆಂಟು ತಿಂಗಳು ಹಿಡಿಯಿತು. ಮಗಳಿಗೂ ಸ್ವಂತ ವರಮಾನ ಇರಲೆಂದು ಹುಡುಗಿಯ ತಂದೆ ಜೆರೋಮ್ ಪಟ್ಟುಹಿಡಿದ. ಇಂಗ್ಲಿಷರಿಗೆ ಅದು ವಿಚಿತ್ರವಾಗಿ ಕಂಡಿತು. 50,000 ಪೌಂಡಿನ ಏರ್ಪಾಡಾಗಿ 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಮದುವೆಯಾಯಿತು. ಗಂಡಿನ ತಂದೆತಾಯಿ ಬರಲಿಲ್ಲ. ನವೆಂಬರ್ 30ರಂದು ಹುಟ್ಟಿದ ಮಗನೇ ವಿನ್‌ಸ್ಟನ್ ಚರ್ಚಿಲ್. ಎರಡನೆಯದು 1895ರ ನವೆಂಬರ್ 6ರಂದು ನ್ಯೂಯಾರ್ಕಿನಲ್ಲಿ ನಡೆದ ಕನ್ಸ್ವೆಲೊ ವಾಂಡರ್‌ಬಿಲ್ಟ್ ಮತ್ತು ಒಂಬತ್ತನೆಯ ಡ್ಯೂಕ್‌ನ ಮದುವೆ. ಹುಡುಗಿಯ ಮನಸ್ಸು ವಿಂತ್ರಾಪ್ ರದರ್‌ಫರ್ಡ್‌ನ ಮೇಲಿತ್ತು. ತಾಯಿ ಆಲ್ವಾ ಮಗಳನ್ನು ಕೂಡಿಹಾಕಿ, ತನ್ನ ಹೃದಯರೋಗದ ಹೆದರಿಕೆ ಹಾಕಿ ಒಪ್ಪಿಸಿದಳು. ಡ್ಯೂಕ್ ಕೂಡ ಇಂಗ್ಲೆಂಡಿನಲ್ಲಿ ಬೇರೊಬ್ಬಳನ್ನು ಮೆಚ್ಚಿದ್ದ. ಬ್ಲೆನಂ ಉಳಿಸಲು ಅವಳನ್ನು ಬಿಟ್ಟುಬಂದದ್ದಾಗಿ ಹೊಸ ಹೆಂಡತಿಗೆ ಹೇಳಿಯೂ ಬಿಟ್ಟ. ಗಂಡಿಗೆ ಸಂದದ್ದು 25 ಲಕ್ಷ ಡಾಲರಿನ ರೈಲ್ವೆ ಷೇರು. ಇಬ್ಬರು ಗಂಡುಮಕ್ಕಳಾದ ಮೇಲೆ 1906ರಲ್ಲಿ ಬೇರೆಯಾದರು, 1921ರಲ್ಲಿ ವಿಚ್ಛೇದನವಾಯಿತು. 1926ರಲ್ಲಿ ಕ್ಯಾಥೊಲಿಕ್ ಚರ್ಚಿನ ನ್ಯಾಯಮಂಡಲಿ ಆ ಮದುವೆಯನ್ನೇ ಅಸಿಂಧುಗೊಳಿಸಿತು. ಮಗಳನ್ನು ಬಲವಂತದಿಂದ ಒಪ್ಪಿಸಿದೆನೆಂದು ಆಲ್ವಾಳೇ ಸಾಕ್ಷಿ ನುಡಿದಿದ್ದಳು.

ಎಲ್ಲ ಡಾಲರ್ ಮದುವೆಗಳೂ ಹೀಗಾಗಲಿಲ್ಲ. ಶಿಕಾಗೋದ ವ್ಯಾಪಾರಿಯ ಮಗಳು ಮೇರಿ ಲೈಟರ್ ಎರಡು ವರ್ಷ ಗುಟ್ಟಾಗಿ ಕಾದು 1895ರ ಏಪ್ರಿಲ್‌ನಲ್ಲಿ ಜಾರ್ಜ್ ಕರ್ಜನ್‌ನನ್ನು ಮದುವೆಯಾದಳು. 1899ರಲ್ಲಿ ವೈಸ್‌ರಾಯ್ ಆದ ಗಂಡನೊಂದಿಗೆ ಭಾರತಕ್ಕೆ ಬಂದಳು. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಹೆಸರಿನಲ್ಲಿರುವವಳು ಈಕೆಯೇ. ಹಣವೂ ಒಲವೂ ಕೂಡಿಬಂದ ಈ ಸಂಸಾರದಲ್ಲಿ ಮೂವರೂ ಹೆಣ್ಣುಮಕ್ಕಳು. ಗಂಡುಸಂತಾನದ ಚಿಂತೆ ಕೊನೆಯವರೆಗೂ ಅವರನ್ನು ಕಾಡಿತು. ಮೇರಿ 1906ರಲ್ಲಿ 36ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಸಾಹಿತ್ಯದಲ್ಲಿ

ಈ ವಸ್ತುವನ್ನು ಒಳಗಿನಿಂದ ಬಲ್ಲಂತೆ ಬರೆದವರು ಥ್ಯಾಕರೆ ಮತ್ತು ಆಂಥನಿ ಟ್ರಾಲಪ್. ಥ್ಯಾಕರೆಯ ‘ದಿ ನ್ಯೂಕಮ್ಸ್’ ಮದುವೆಯ ಸಂತೆಯನ್ನು ಕುಟುಕಿದರೆ, ಟ್ರಾಲಪ್ ಬೈಯುವುದಕ್ಕಿಂತ ಹೆಚ್ಚಾಗಿ ಲೆಕ್ಕ ನೋಡುತ್ತಾನೆ. ಆತನ ‘ಕ್ಯಾನ್ ಯು ಫರ್ಗಿವ್ ಹರ್?’ (1864–65) ಕಾದಂಬರಿಯ ಲೇಡಿ ಗ್ಲೆಂಕೋರಾ ಮನಸ್ಸು ಕೊಟ್ಟದ್ದು ಬರ್ಗೊ ಫಿಟ್ಜ್‌ಜೆರಾಲ್ಡ್ ಎಂಬ ದುಂದುಗಾರನಿಗೆ. ಬಂಧುಗಳು ಕಟ್ಟಿದ್ದು ಡ್ಯೂಕ್ ಪಟ್ಟಕ್ಕೆ ವಾರಸುದಾರನಾದ ಪ್ಯಾಲಿಸರ್‌ಗೆ. ಆಕೆ ಓಡಿಹೋಗುವ ಅಂಚಿನವರೆಗೆ ಬಂದು ನಿಲ್ಲುತ್ತಾಳೆ. ಹದಿನೈದು ವರ್ಷಗಳ ನಂತರ ಬಂದ ‘ದಿ ಡ್ಯೂಕ್ಸ್ ಚಿಲ್ಡ್ರನ್’ (1880) ತೆರೆದುಕೊಳ್ಳುವಾಗ ಗ್ಲೆಂಕೋರಾ ತೀರಿಕೊಂಡಿದ್ದಾಳೆ. ಮಗ ಅಮೆರಿಕದ ಹುಡುಗಿಯನ್ನು ತರಲು ಹೊರಟಿದ್ದಾನೆ, ಮಗಳು ಹಣವಿಲ್ಲದ ಟ್ರೆಗಿಯರ್‌ಗೆ ಮಾತು ಕೊಟ್ಟಿದ್ದಾಳೆ. ಮಗಳ ಬೆನ್ನಿಗೆ ನಿಂತು ಪ್ರೋತ್ಸಾಹಿಸಿದ್ದು ತನ್ನ ಹೆಂಡತಿಯೇ ಎಂಬುದು ಆಕೆ ಸತ್ತ ಮೇಲೆ ಪ್ಯಾಲಿಸರ್‌ಗೆ ತಿಳಿಯುತ್ತದೆ.